ಏಪ್ರನ್ ಕಟ್ಟಿಕೊಂಡು ಸುಮ್ಮನೆ ಕೂತವಳು

ಲೊರೇನ್ ಹೆಪ್‌ವರ್ತ್ ಕುರ್ಚಿಗೂ ಕ್ಷಮೆ ಕೇಳುವ ಹೆಂಗಸು. ಸುಳ್ಳಲ್ಲ, ಕಣ್ಣಾರೆ ನೋಡಿದ್ದೇನೆ. ಕೆಫೆಯಲ್ಲಿ ಟ್ರೇ ಹಿಡಿದು ಓಡಾಡುವಾಗ ಕುರ್ಚಿ ಸೊಂಟಕ್ಕೆ ತಗುಲಿದರೆ "ಸಾರಿ ಕಣಪ್ಪ" ಅನ್ನುತ್ತಾಳೆ. ಬಾಗಿಲು ಕಿರ್ ಅಂದರೆ ಬಾಗಿಲಿಗೂ ಒಂದು ಸಾರಿ. ಒಂದು ಸಲ ಬಸ್ಸಿನಲ್ಲಿ ದಢೂತಿ ಆಸಾಮಿಯೊಬ್ಬ ಅವಳ ಕಾಲು ತುಳಿದುಕೊಂಡೇ ನಿಂತಿದ್ದ. ಇವಳು ಇಳಿಯುವ ಸ್ಟಾಪು ಬರುವ ತನಕ ತುಳಿಸಿಕೊಂಡಿದ್ದು, ಕೊನೆಗೆ ಅವನಿಗೇ ಸಾರಿ ಹೇಳಿ ಕಾಲು ಬಿಡಿಸಿಕೊಂಡು ಇಳಿದಳು. ನಮ್ಮ ಯಾರ್ಕ್‌ಷೈರಿನವರಿಗೆ ಬಾಯಿ ಜೋರು ಅಂತ ಲಂಡನ್ ಕಡೆಯವರು ಆಡಿಕೊಳ್ಳುತ್ತಾರೆ. ಅವರು ಲೊರೇನಳನ್ನು ನೋಡಿಲ್ಲ, ನನ್ನನ್ನು ನೋಡಿದ್ದಾರೆ.

ಅವಳ ಮದುವೆಯಾದದ್ದೂ ಹೀಗೇ. ಕೀತ್ ಆಗ ಅಂಚೆಯವನು. ಅವಳ ಅಕ್ಕನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಲು ಟಿಕೆಟ್ ಹಿಡಿದು ಬಂದಿದ್ದನಂತೆ. ಅಕ್ಕ ಇನ್ನೊಬ್ಬನ ಜೊತೆ ಆಗಲೇ ಹೋಗಿಯಾಗಿತ್ತು. "ಹಂಗಾದ್ರೆ ನೀನು ಬರ್ತೀಯಾ?" ಅಂದ. ಇಲ್ಲ ಅಂದರೆ ಪಾಪ ಬೇಜಾರು ಮಾಡಿಕೊಂಡಾನು ಅಂತ ಹೋದಳು. ಆಮೇಲೆ ಇಲ್ಲ ಅನ್ನಲು ಸರಿಯಾದ ಸಮಯವೇ ಸಿಗಲಿಲ್ಲ ಅಂತ ಅವಳೇ ಹೇಳುತ್ತಾಳೆ. ಪುಣ್ಯಕ್ಕೆ ಕೀತ್ ಒಳ್ಳೆಯವನು. ನಮ್ಮೂರಿನ ಏರುಬೀದಿಗಳಲ್ಲಿ ಕಾಗದ ಹಂಚಿ ಹಂಚಿ ಎರಡು ಮೊಣಕಾಲೂ ಹೋಗಿ ಈಗ ಮನೆಯಲ್ಲಿದ್ದಾನೆ. ಬಾಡಿಗೆ ಮನೆಯ ಹಿತ್ತಿಲಲ್ಲಿ ರೂಬಾರ್ಬ್ ಅನ್ನುವ ಹುಳಿದಂಟಿನ ಗಿಡ ಬೆಳೆಸುತ್ತಾನೆ. ಆ ರೂಬಾರ್ಬ್ ಅವನಿಗಿಂತ ಹೆಚ್ಚು ಮಾತಾಡುತ್ತದೆ.

ನಾನು ಡಾಟ್. ನಾನು, ಲೊರೇನ್ ಇಬ್ಬರೂ ಬ್ರಾಡ್‌ಬೆಂಟ್ ನರ್ಸರಿಯಲ್ಲಿ ಕೆಲಸಕ್ಕಿರುವವರು. ನಾನು ಗೊಬ್ಬರದ ಕಡೆ, ಅವಳು ಕೆಫೆಯ ಕಡೆ. ಬೋರ್ಡಿನಲ್ಲೇನೋ ಗಿಡ, ಬೀಜ, ಕುಂಡ ಅಂತ ಬರೆದಿದೆ. ಆದರೆ ಜನ ಬರುವುದು ಚಹಾಕ್ಕೆ, ಕೆನೆ ಜಾಮು ಹಚ್ಚಿ ತಿನ್ನುವ ಸ್ಕೋನ್ ಬನ್ನಿಗೆ, ಕ್ಯಾರೆಟ್ ಕೇಕಿಗೆ. ಬರೀ ತಿನ್ನುವುದಕ್ಕೆ ಬಂದೆವು ಅಂತ ಒಪ್ಪಿಕೊಳ್ಳಲು ನಾಚಿಕೆ, ಅದಕ್ಕೇ ಹೋಗುವಾಗ ಕೈಯಲ್ಲಿ ಒಂದು ಪುಟ್ಟ ಪ್ಯಾನ್ಸಿ ಹೂವಿನ ಗಿಡ ಹಿಡಿದುಕೊಂಡು ಹೋಗುತ್ತಾರೆ. ಊರಿನ ಯಾವ ಮನೆಯ ಕಿಟಕಿಯಲ್ಲಿ ಎಷ್ಟು ಪ್ಯಾನ್ಸಿ ಒಣಗಿ ನಿಂತಿವೆ ಅಂತ ನೋಡಿದರೆ ಸಾಕು, ಆ ಮನೆಯವರು ಎಷ್ಟು ಕೇಕು ತಿಂದಿದ್ದಾರೆ ಅಂತ ಗೊತ್ತಾಗುತ್ತದೆ.

ಹಿಂದಿನ ಮಾಲೀಕ ಹರ್ಬರ್ಟ್ ಬ್ರಾಡ್‌ಬೆಂಟ್ ಮಹಾ ಮುಂಗೋಪಿ. ಅವನ ಬಾಯಿಗೆ ಸಿಕ್ಕಿದವರು ಎರಡು ದಿನ ಊಟ ಬಿಡುತ್ತಿದ್ದರು. ಆದರೆ ಬರೆದುಕೊಟ್ಟ ಮಾತು ಅಂದರೆ ಅವನಿಗೆ ಬರೆದುಕೊಟ್ಟ ಮಾತು. ಲೊರೇನಳ ಒಪ್ಪಂದದಲ್ಲಿ ವಾರಕ್ಕೆ ಮೂವತ್ತೆರಡು ಗಂಟೆ ಕೆಲಸ ಅಂತ ಹಾಕಿಕೊಟ್ಟಿದ್ದ, ಸಾಯುವ ತನಕ ಒಂದು ಗಂಟೆ ಆಚೀಚೆ ಮಾಡಲಿಲ್ಲ. ಅವನ ಮಗ ಜೂಲಿಯನ್‌ಗೆ ಕೋಪವೇ ಬರುವುದಿಲ್ಲ. ನನಗೆ ಭಯವಾಗುವುದು ಅದಕ್ಕೇ. ಮಾತೆಲ್ಲ ಬೆಣ್ಣೆ. "ನಾವೆಲ್ಲ ಒಂದೇ ಕುಟುಂಬ" ಅನ್ನುತ್ತಾನೆ. ಮಾಲೀಕನ ಬಾಯಲ್ಲಿ ಕುಟುಂಬ ಅನ್ನುವ ಮಾತು ಬಂತು ಅಂದರೆ ನಾನು ಮೊದಲು ನನ್ನ ಪರ್ಸು ಎಲ್ಲಿದೆ ಅಂತ ನೋಡಿಕೊಳ್ಳುತ್ತೇನೆ.

ಈ ಜೂಲಿಯನ್‌ಗೆ ಒಂದು ಅಭ್ಯಾಸ. ಬೆಳಗ್ಗೆ ಬಂದವನು ಪ್ರತಿಯೊಬ್ಬರನ್ನೂ "ಹೇಗಿದ್ದೀರಿ, ಎಲ್ಲ ಸರಿ ತಾನೆ?" ಅಂತ ಕೇಳಿಕೊಂಡು ಹೋಗುತ್ತಾನೆ. ನಾವು "ನಡೀತಿದೆ, ದೂರೋ ಹಾಗಿಲ್ಲ" ಅನ್ನುತ್ತೇವೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರೂ ಅದನ್ನೇ ಅನ್ನುತ್ತಾರೆ, ಹಿಂದಿನ ದಿನ ತಾಯಿಯನ್ನು ಮಣ್ಣು ಮಾಡಿ ಬಂದವರೂ ಅದನ್ನೇ ಅನ್ನುತ್ತಾರೆ. ನಮ್ಮಲ್ಲಿ ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದು ಅಂದರೆ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿದ ಹಾಗೆ. ಕೇಳಿದವನೂ ಉತ್ತರಕ್ಕೆ ಅಂತ ಕೇಳಿರುವುದಿಲ್ಲ.

ಈಸ್ಟರ್ ಮುಗಿದ ವಾರ ಜೂಲಿಯನ್ ಲೊರೇನಳನ್ನು ತನ್ನ ಆಫೀಸಿಗೆ ಕರೆದು, ಕೂರಿಸಿ, ತಾನೇ ಕೈಯಾರೆ ಚಹಾ ಮಾಡಿಕೊಟ್ಟ. ಮಾಲೀಕ ಚಹಾ ಮಾಡಿದ ಅಂದ ಕೂಡಲೇ ಅವಳು ಎದ್ದು ಓಡಬೇಕಿತ್ತು. ಕುಡಿದಳು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಂತೆ. ಮಧ್ಯಾಹ್ನಕ್ಕೆ ಒಂದು ಯಂತ್ರ ತರಿಸುತ್ತಾನಂತೆ, ಗಿರಾಕಿಗಳೇ ಗಾಜು ಒತ್ತಿ ಬೇಕಾದ್ದು ಹೇಳಿಕೊಳ್ಳುತ್ತಾರಂತೆ, ಒಳಗಿನ ಅಡುಗೆಯವನು ಅದನ್ನು ನೋಡಿ ತಟ್ಟೆಗೆ ಹಾಕಿಡುತ್ತಾನಂತೆ. ಹಾಗಾಗಿ ಮುಂದಿನ ತಿಂಗಳಿಂದ ಲೊರೇನಳಿಗೆ ಬೆಳಗಿನ ಹೊತ್ತು ಮಾತ್ರ ಕೆಲಸ, ವಾರಕ್ಕೆ ಹದಿನಾರು ಗಂಟೆ.

"ಕೀತ್ ಜೊತೆ ಇರೋಕೂ ನಿಮಗೆ ಟೈಮ್ ಸಿಗತ್ತೆ ನೋಡಿ. ಸರಿ ತಾನೆ, ಲೊರೇನ್?"

"ಪರವಾಗಿಲ್ಲ ಬಿಡಿ," ಅಂದಳು ಇವಳು. "ಥ್ಯಾಂಕ್ಸ್."

ಮಾರನೆಯ ದಿನ ನನ್ನ ಹತ್ತಿರ ಬಂದು ಕುದುರೆಗೊಬ್ಬರದ ಚೀಲದ ಮೇಲೆ ಕೂತು ಅತ್ತಳು. ಅಳುವ ಮುಂಚೆ ಚೀಲದ ಮೇಲೆ ಕೂರಬಹುದಾ ಅಂತ ಕೇಳಿದಳು.

"ಕೀತ್‌ಗೆ ಹೇಳಿದ್ಯಾ?" ಅಂದೆ.

"ಹೇಳ್ದೆ. ಹೂಂ ಅಂದ. ಆಮೇಲೆ ಹಿತ್ತಿಲಿಗೆ ಹೋಗಿ ರೂಬಾರ್ಬ್ ಮುಂದೆ ನಿಂತವನು ಊಟಕ್ಕೆ ಕರೆದ್ರೂ ಬರ್ಲಿಲ್ಲ."

ಅರ್ಧ ಸಂಬಳದಲ್ಲಿ ಆ ಮನೆಯ ಬಾಡಿಗೆ ಕಟ್ಟಲು ಆಗುವುದಿಲ್ಲ. ಮನೆ ಬಿಟ್ಟರೆ ಹೋಗುವುದು ಡಾನ್‌ಕಾಸ್ಟರಿನಲ್ಲಿರುವ ಮಗಳ ಮನೆಗೆ. ಮಗಳು ಬನ್ನಿ ಅಂದಿದ್ದಾಳೆ, ಪೆಟ್ಟಿಗೆ ಇಡುವ ಒಂದು ಸಣ್ಣ ಕೋಣೆಯಿದೆ ಅಂದಿದ್ದಾಳೆ. ಆ ಕೋಣೆಯ ನಡುವೆ ಅಳಿಯನ ವ್ಯಾಯಾಮದ ಸೈಕಲ್ಲಿದೆ. ಅವನು ಅದನ್ನು ಕೊಂಡ ದಿನ ಒಮ್ಮೆ ಹತ್ತಿದ್ದು, ಆಮೇಲೆ ಅದರ ಮೇಲೆ ಪ್ಯಾಂಟು ಒಣಗುತ್ತಿರುತ್ತದೆ. ಆದರೂ ತೆಗೆಯುವ ಹಾಗಿಲ್ಲವಂತೆ, ಯಾವತ್ತಾದರೂ ಹತ್ತಿಯೇನು ಅನ್ನುತ್ತಾನಂತೆ.

"ಸೈಕಲ್ ದಾಟಿಕೊಂಡೇ ಮಂಚಕ್ಕೆ ಹೋಗ್ಬೇಕು ಕಣೇ," ಅಂದಳು ಲೊರೇನ್. "ಕೀತ್ ಮೊಣಕಾಲಿಗೆ ಅದು ಆಗೋ ಮಾತಾ? ಹಿತ್ತಿಲೂ ಇಲ್ಲ ಅಲ್ಲಿ. ಕಾರು ನಿಲ್ಸೋಕೆ ಎಲ್ಲಾ ಸಿಮೆಂಟ್ ಹಾಕ್ಸಿದಾರೆ."

"ಮತ್ತೆ ಪರವಾಗಿಲ್ಲ ಅಂತ ಯಾಕಂದೆ ಮಾರಾಯ್ತಿ?"

"ಅವರು ಚಹಾ ಮಾಡಿಕೊಟ್ಟಿದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಜೂಲಿಯನ್ ಮೇಲೆ ಅರ್ಧ, ಇವಳ ಮೇಲೆ ಅರ್ಧ.

ಯಂತ್ರವೂ ಬಂತು. ಆಳೆತ್ತರದ ಹೊಳೆಯುವ ಗಾಜು. ಪರೀಕ್ಷೆ ಮಾಡಲು ಜೂಲಿಯನ್ ಲೊರೇನಳನ್ನೇ ಅದರ ಮುಂದೆ ನಿಲ್ಲಿಸಿದ. ತನ್ನ ಅನ್ನ ಕಸಿಯಲು ಬಂದ ಯಂತ್ರಕ್ಕೆ ತಾನೇ ಆರತಿ ಎತ್ತುವುದು ಅಂದರೆ ಇದೇ. ಒಂದು ಸ್ಕೋನು ಅಂತ ಒತ್ತಿದಳು. ಕೆನೆ ಬೇಕೇ, ಬೇಡವೇ ಅಂತ ಕೇಳಿತು. ಬೇಡ ಅಂತ ಒತ್ತಲು ಬೆರಳು ಹೋಯಿತು, ಗಾಜಿನ ಹತ್ತಿರ ಹೋಗಿ ನಿಂತಿತು, ಕೊನೆಗೆ ಬೇಕು ಅಂತ ಒತ್ತಿತು. ಜಾಮು ಬೇಕೇ? ದೊಡ್ಡ ಚಹಾ ಬೇಕೇ? ಜೊತೆಗೊಂದು ಕೇಕು? ಯಂತ್ರ ಅಷ್ಟು ಮರ್ಯಾದೆಯಿಂದ ಕೇಳುವಾಗ ಬೇಡ ಅನ್ನುವುದು ಹೇಗೆ? ಒಳಗಿನಿಂದ ಬಂದ ತಟ್ಟೆಗಳಿಗೆ ಎರಡು ಮೇಜು ಸಾಲಲಿಲ್ಲ. ನಾನು, ಅಡುಗೆಯವನು, ಮೀನಿನ ತೊಟ್ಟಿ ನೋಡಿಕೊಳ್ಳುವವನು ಸೇರಿ ಮುಗಿಸಿದೆವು.

ಆ ಬುಧವಾರ ನಾನು ಲೊರೇನಳ ತೋಳು ಹಿಡಿದು ಎಳೆದುಕೊಂಡೇ ಗ್ರಂಥಾಲಯದ ಮಹಡಿಗೆ ಹೋದೆ. ಅಲ್ಲಿ ನಸ್ರೀನ್ ಅನ್ನುವವಳು ಕೂರುತ್ತಾಳೆ. ಬಸ್ ಡಿಪೋದಲ್ಲಿ ಕಾರ್ಮಿಕ ಸಂಘ ನಡೆಸಿ, ನಿವೃತ್ತಿಯಾದ ಮೇಲೂ ಸುಮ್ಮನಿರಲಾರದೆ, ಕೆಲಸದ ತಕರಾರು ಇರುವವರಿಗೆ ಸಲಹೆ ಕೊಡುತ್ತಾಳೆ. ಸಲಹೆ ಪುಕ್ಕಟೆ, ಬೈಗುಳವೂ ಪುಕ್ಕಟೆ.

"ಅವನು ಗಂಟೆ ಕಡಿತ ಅಂದಾಗ ನೀನೇನಂದೆ ತಾಯಿ?"

"ಪರವಾಗಿಲ್ಲ ಬಿಡಿ ಅಂದೆ."

"ಆಮೇಲೆ?"

"ಥ್ಯಾಂಕ್ಸ್ ಅಂದೆ."

ನಸ್ರೀನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಅವನು ಕೊಟ್ಟ ಕಪ್ಪು ತೊಳೆದಿಟ್ಟು ಬರಲಿಲ್ಲ ತಾನೆ?"

ಲೊರೇನ್ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ.

"ಹೋಗ್ಲಿ. ಯಾವುದಕ್ಕಾದ್ರೂ ಸಹಿ ಹಾಕಿದ್ಯಾ?"

"ಹೊಸ ಒಪ್ಪಂದ ಅಂತ ಕೊಟ್ಟಿದಾರೆ. ಆವತ್ತು ನನ್ನ ಕನ್ನಡಕ ಮನೇಲಿತ್ತು, ಅದಕ್ಕೆ ಹಾಕ್ಲಿಲ್ಲ. ಇನ್ನೊಂದು ದಿನ ಹಾಕ್ಕೊಡ್ತೀನಿ ಅಂದಿದ್ದೆ."

"ಮನೆಗೆ ಹೋಗಿ ಆ ಕನ್ನಡಕಕ್ಕೆ ಕೈ ಮುಗಿ. ಸಹಿ ಹಾಕಬೇಡ." ನಸ್ರೀನ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ನೋಡು, ಒಪ್ಪಂದ ಅಂದ್ರೆ ಇಬ್ಬರು ಸೇರಿ ಮಾಡಿದ್ದು. ನಿನ್ನ ಒಪ್ಪಂದದಲ್ಲಿ ಇಷ್ಟು ಗಂಟೆ ಅಂತ ಇದ್ದ ಮೇಲೆ, ಕಡಿಮೆ ಮಾಡೋ ಅಧಿಕಾರ ಅವನಿಗಿದೆ ಅಂತ ಅದರಲ್ಲೇ ಬರೆದಿಲ್ಲದಿದ್ರೆ, ನಿನ್ನ ಒಪ್ಪಿಗೆ ಇಲ್ಲದೆ ಅವನು ಕತ್ತರಿ ಹಾಕೋ ಹಾಗಿಲ್ಲ. ಬರೆದಿದೆಯಾ? ಇಲ್ಲ, ನೀನು ತಂದಿರೋ ಹಳೇ ಒಪ್ಪಂದ ಈಗ ಓದಿದೆ. ಆದ್ರೆ ನೀನು ತುಟಿ ಪಿಟಕ್ಕನ್ನದೆ ಹೊಸ ಗಂಟೆಗೇ ದುಡೀತಾ ಹೋದ್ರೆ, ಸ್ವಲ್ಪ ತಿಂಗಳು ಕಳೆದ ಮೇಲೆ, ಇವಳು ಒಪ್ಪಿದ್ದಳು, ಅದಕ್ಕೇ ಸುಮ್ಮನಿದ್ದಳು ಅಂತಾರೆ. ಅದಕ್ಕೆ ಈಗಲೇ ಹೇಳ್ಬೇಕು. ಬಾಯಲ್ಲಿ ಆಗದಿದ್ರೆ ಬರೆದು ಹೇಳು."

ಸುಮ್ಮನಿದ್ದರೆ ಒಪ್ಪಿದ ಹಾಗೆ ಅಂತೆ. ಈ ಕಾನೂನು ಮಾಡಿದವರು ನಮ್ಮ ದೇಶದವರೇನಾ ಅಂತ ನನಗೆ ಅನುಮಾನ ಬಂತು. ಸುಮ್ಮನಿರುವುದನ್ನೇ ಒಳ್ಳೆಯ ಗುಣ ಅಂತ ತೊಟ್ಟಿಲಲ್ಲೇ ಕಲಿಸುವ ಜನ ನಾವು.

ಲೊರೇನ್ ಕೈಚೀಲದಿಂದ ಒಂದು ಕಾರ್ಡು ತೆಗೆದಳು. ಮೇಲೆ ರಾಬಿನ್ ಹಕ್ಕಿಯ ಚಿತ್ರ, ಕ್ರಿಸ್‌ಮಸ್ಸಿಗೆ ತಂದದ್ದು ಉಳಿದಿತ್ತಂತೆ. ಬರೆಯಲು ಕೂತಳು. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ ಅಂತ ಶುರು. ಅವಸರವೇನಿಲ್ಲ, ನಿಮಗೆ ಅನುಕೂಲವಾದರೆ ಮಾತ್ರ ಅಂತ ಮುಕ್ತಾಯ. ನಡುವೆ ವಿಷಯವೇ ಇಲ್ಲ. ನಸ್ರೀನ್ ಅದನ್ನು ಹರಿದು ಬುಟ್ಟಿಗೆ ಹಾಕಿ, ತಾನು ಹೇಳಿದ್ದನ್ನು ಹೇಳಿದ ಹಾಗೆ ಬರೆಸಿದಳು. ನನ್ನ ಗಂಟೆಗಳನ್ನು ಕಡಿತ ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹೊಸ ಗಂಟೆಗಳಿಗೆ ಕೆಲಸ ಮಾಡಿದರೂ ಅದು ಪ್ರತಿಭಟಿಸುತ್ತಲೇ. ಕಳೆದುಹಾಕುವ ಗಂಟೆಗಳಿಗೂ ನಾನು ಕೆಲಸಕ್ಕೆ ಸಿದ್ಧಳಿದ್ದೇನೆ.

"ಪ್ರತಿಭಟನೆ ಅಂದ್ರೆ ನಾನು ಬೀದೀಲಿ ನಿಂತು ಕೂಗ್ಬೇಕಾ?" ಲೊರೇನಳ ಮುಖ ಬಿಳಿಚಿಕೊಂಡಿತ್ತು.

"ಬೇಡ. ನೀನು ಕೂಗಿದ್ರೆ ಪಕ್ಕದಲ್ಲಿರೋರಿಗೂ ಕೇಳಲ್ಲ. ನೀನು ಸುಮ್ನೆ ಕೂತ್ಕೋ, ಅದು ನಿನಗೆ ಚೆನ್ನಾಗಿ ಬರತ್ತೆ. ಸಿದ್ಧಳಿದ್ದೀನಿ ಅಂತ ಬರೆದಿದ್ದೀಯಲ್ಲ, ಅದನ್ನ ಕಣ್ಣಿಗೆ ಕಾಣೋ ಹಾಗೆ ಮಾಡು. ಮಧ್ಯಾಹ್ನದ ನಿನ್ನ ಹಳೇ ಹೊತ್ತಿಗೆ, ಏಪ್ರನ್ ಕಟ್ಟಿಕೊಂಡು, ಅದೇ ಕೆಫೆಯಲ್ಲಿ. ಕೆಲಸ ಕೊಟ್ರೆ ಮಾಡು. ಕೊಡದಿದ್ರೆ ಒಂದು ಚಹಾ ಕೊಂಡು ಕುಡೀತಾ ಕೂತಿರು. ಆದ್ರೆ ಅವನು ಹೇಳೋ ತನಕ ಒಂದು ಎಂಜಲು ಕಪ್ಪನ್ನೂ ಎತ್ತಬಾರದು."

ಬೀದಿಯಲ್ಲಿ ಕೂಗುವುದೇ ವಾಸಿ ಅನ್ನುವ ಹಾಗೆ ಲೊರೇನ್ ನಸ್ರೀನಳನ್ನು ನೋಡಿದಳು.

ಪತ್ರವನ್ನು ಜೂಲಿಯನ್‌ಗೆ ಕೊಟ್ಟಳು, ಜೊತೆಗೆ ಒಂದು ತುಂಡು ನಿಂಬೆ ಕೇಕು. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ. ಅವನು ಕೇಕು ತಿಂದ, ಪತ್ರ ಓದಿ "ನೋಡೋಣ, ನೋಡೋಣ" ಅಂದ, ಮುಂದಿನ ತಿಂಗಳು ಅವಳ ಮಧ್ಯಾಹ್ನಗಳನ್ನು ತೆಗೆದೂ ಹಾಕಿದ.

ಮೊದಲ ದಿನ ಬೆಳಗಿನ ಕೆಲಸ ಮುಗಿಸಿ, ಆರ್ಕಿಡ್ ಗಿಡಗಳ ಪಕ್ಕದ ಮೇಜಿನಲ್ಲಿ ಕೂತಳು. ಏಪ್ರನ್ ಕಟ್ಟಿಕೊಂಡೇ. ಉಣ್ಣೆಯ ಕಾರ್ಡಿಗನ್ ಅಂಗಿ ಕುರ್ಚಿಯ ಬೆನ್ನಿಗೆ, ಹೆಣಿಗೆಯ ಕಡ್ಡಿ ಕೈಗೆ. ಪಕ್ಕದ ಮೇಜಿನ ಮೇಲೆ ಯಾರೋ ಬಿಟ್ಟುಹೋದ ಕಪ್ಪು. ಅವಳ ಕಣ್ಣು ಹೆಣಿಗೆಯ ಮೇಲೆ, ಜೀವವೆಲ್ಲ ಆ ಕಪ್ಪಿನ ಮೇಲೆ. 

ಆಗ ಬಂದರು ಮಿಸ್ಟರ್ ಓಲ್ಡ್‌ರಾಯ್ಡ್. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕರು, ದಿನಾ ಮಧ್ಯಾಹ್ನ ಒಂದು ಚಹಾ, ಒಂದು ಸ್ಕೋನು. ಯಂತ್ರದ ಮುಂದೆ ನಿಂತರು. ಅದು ಸ್ವಾಗತ ಅಂದಿತು. ಅವರು ಟೋಪಿ ತೆಗೆದರು. ಅದು ಇಮೇಲ್ ವಿಳಾಸ ಕೇಳಿತು. ಅವರು ಟೋಪಿ ಹಾಕಿಕೊಂಡು ತಿರುಗಿ, ಏಪ್ರನ್ ಎಲ್ಲಿದೆ ಅಂತ ನೋಡಿ, ನೇರ ಬಂದು ಲೊರೇನಳ ಮೇಜಿನ ಮುಂದೆ ನಿಂತರು.

"ಸಾರಿ ಕಣ್ರೀ, ನಾನೀಗ ಕೆಲಸದಲ್ಲಿಲ್ಲ," ಅಂದಳು ಲೊರೇನ್. "ಮಧ್ಯಾಹ್ನದ ಗಂಟೆ ತೆಗೆದುಹಾಕಿದಾರೆ."

"ಪರವಾಗಿಲ್ಲಮ್ಮ, ನನಗೇನೂ ಅವಸರ ಇಲ್ಲ," ಅಂತ ಅವರು ಅಲ್ಲೇ ನಿಂತರು.

ಅವರ ಹಿಂದೆ ಒಬ್ಬಾಕೆ ಬಂದು ನಿಂತಳು. ಆಕೆಯ ಹಿಂದೆ ಗಂಡಹೆಂಡತಿ. ನಮ್ಮ ಜನ ಹೀಗೆ. ಒಬ್ಬ ನಿಂತರೆ ಸುಮ್ಮನೆ ನಿಂತಿದ್ದಾನೆ, ಹಿಂದೆ ಇನ್ನೊಬ್ಬ ನಿಂತರೆ ಅದು ಸಾಲು. ಸಾಲು ಅಂದ ಮೇಲೆ ಯಾತಕ್ಕೆ ಅಂತ ಕೇಳುವುದು ಅಸಭ್ಯತೆ, ಬಿಟ್ಟು ಹೋಗುವುದು ಹೇಡಿತನ, ಮುಂದೆ ನುಗ್ಗುವುದು ಕೊಲೆ ಮಾಡಿದಷ್ಟೇ ಅಪರಾಧ. ಸಾಲು ಆರ್ಕಿಡ್ ದಾಟಿತು, ಕಾರಂಜಿಗಳನ್ನು ಸುತ್ತಿತು, ತೋಟದಲ್ಲಿಡುವ ಕಲ್ಲಿನ ಕುಳ್ಳಬೊಂಬೆಗಳ ಕಡೆ ತಿರುಗಿತು. ಅಲ್ಲಿ ಒಬ್ಬ ಅಜ್ಜಿ ಬೊಂಬೆಯೊಂದರ ಹಿಂದೆ ಬಹಳ ಹೊತ್ತು ತಾಳ್ಮೆಯಿಂದ ಕಾದು ನಿಂತಿದ್ದರಂತೆ. ಕೊನೆಗೆ ಸಾಲಿನ ಬಾಲ ನನ್ನ ಗೊಬ್ಬರದ ಚೀಲಗಳ ತನಕ ಬಂತು. ಯಂತ್ರ ಮಾತ್ರ ಖಾಲಿ ನಿಂತು, ಸ್ವಾಗತ, ಸ್ವಾಗತ ಅಂತ ಹೊಳೆಯುತ್ತಿತ್ತು.

"ಈ ಸಾಲು ಯಾತಕ್ಕಮ್ಮ?" ಅಂತ ಬಾಲದಲ್ಲಿದ್ದವರೊಬ್ಬರು ಕೊನೆಗೂ ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

"ಲೊರೇನ್ ಹೆಪ್‌ವರ್ತ್ ಒಪ್ಪದೆ ಅವಳ ಗಂಟೆ ಕತ್ತರಿಸಿದಾರೆ, ಅದಕ್ಕೆ," ಅಂದೆ.

"ಓ, ಹಾಗಾ," ಅಂದು ಅವರು ನೆಟ್ಟಗೆ ನಿಂತರು.

ಮುಂದೆ ತಲುಪಿದವರಿಗೆಲ್ಲ ಲೊರೇನ್ ಸಾರಿ ಹೇಳಿ, ಗಂಟೆ ಹೋದ ಕಥೆ ಹೇಳುತ್ತಿದ್ದಳು. ಅವರು ಛೆ ಅಂದು, ಇವಳ ಭುಜ ತಟ್ಟಿ, ಒಂದು ಪ್ಯಾನ್ಸಿ ಕೊಂಡು ಮನೆಗೆ ಹೋಗುತ್ತಿದ್ದರು. ಮಾರನೆಯ ದಿನ ಮತ್ತೆ ಬರುತ್ತಿದ್ದರು. ಪ್ರತಿ ಮಧ್ಯಾಹ್ನವೂ ಹೀಗೇ. ಕೇಕುಗಳು ಗಾಜಿನ ಪೆಟ್ಟಿಗೆಯಲ್ಲಿ ಒಣಗಿದವು.

ಜೂಲಿಯನ್ ನಗುನಗುತ್ತಲೇ ಬಂದ. "ಲೊರೇನ್, ಕೂತಿರಿ, ಬೇಡ ಅನ್ನಲ್ಲ. ಆದ್ರೆ ಆ ಏಪ್ರನ್ ಬಿಚ್ಚಿಟ್ಟು ಕೂರಬಹುದಲ್ಲ?"

ಅವಳ ಕೈ ಹಿಂದಕ್ಕೆ, ಗಂಟಿನ ತನಕ ಹೋಯಿತು.  ಗಂಟನ್ನು ಬಿಚ್ಚಲಿಲ್ಲ, ಇನ್ನಷ್ಟು ಬಿಗಿಮಾಡಿದಳು. "ಕೆಲಸ ಕೊಟ್ರೆ ಈಗಲೇ ಮಾಡ್ತೀನಿ, ಸಾರಿ," ಅಂದಳು.

ಅವನು ಸಾಲಿನ ಕಡೆ ತಿರುಗಿದ. "ಯಂತ್ರ ಖಾಲಿ ಇದೆ ನೋಡಿ, ದಯವಿಟ್ಟು ಅಲ್ಲಿ ಬನ್ನಿ."

"ಇರಲಿ ಬಿಡಪ್ಪ," ಅಂದರು ಓಲ್ಡ್‌ರಾಯ್ಡ್. "ನಾವು ಇಲ್ಲೇ ಆರಾಮಾಗಿದ್ದೀವಿ."

ಇದಾದ ಮೇಲೆ ನಸ್ರೀನ್ ಇನ್ನೊಂದು ಪತ್ರ ಬರೆಸಿದಳು, ದೂರಿನ ವಿಚಾರಣೆ ಮಾಡಿ ಅಂತ. ವಿಚಾರಣೆಗೆ ಕರೆದಾಗ ಜೊತೆಗೆ ಒಬ್ಬ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗುವ ಹಕ್ಕಿದೆ. ನಾನು ಹೊರಟೆ. ನಸ್ರೀನ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ನೀನು ಮಾತಾಡಬಹುದು, ಅವಳ ಪರವಾಗಿ ವಾದ ಮಾಡಬಹುದು. ಆದ್ರೆ ಅವಳನ್ನ ಕೇಳಿದ ಪ್ರಶ್ನೆಗೆ ಉತ್ತರ ಅವಳೇ ಕೊಡಬೇಕು. ಅಲ್ಲಿ ನೀನು ಬಾಯಿ ಹಾಕಬಾರದು, ತಿಳೀತಾ? ಇಲ್ಲಿ ಬಗೆಹರೀದಿದ್ರೆ ಮುಂದೆ ಸಂಧಾನ, ನ್ಯಾಯಮಂಡಳಿ ಎಲ್ಲ ಇದೆ. ಆದ್ರೆ ಇವತ್ತು ಅವಳು ಹೂಂ ಅಂದುಬಿಟ್ರೆ ಎಲ್ಲಾ ಇಲ್ಲೇ ಮುಗೀತು."

ಅಂದರೆ ಜಗತ್ತಿನಲ್ಲಿ ಇಲ್ಲ ಅನ್ನಲು ಬಾರದ ಒಬ್ಬಳೇ ಹೆಂಗಸು ಇಲ್ಲ ಅನ್ನಬೇಕು, ಮೂರು ಹೊತ್ತೂ ಇಲ್ಲ ಅನ್ನುವ ನಾನು ಬಾಯಿಗೆ ಬೀಗ ಹಾಕಿಕೊಂಡು ಪಕ್ಕದಲ್ಲಿ ಕೂರಬೇಕು.

ಜೂಲಿಯನ್‌ನ ಆಫೀಸು ಮೇಲಿನ ಅಂತಸ್ತಿನಲ್ಲಿದೆ, ಕಿಟಕಿಯಿಂದ ಕೆಫೆ ಪೂರ್ತಿ ಕಾಣುತ್ತದೆ. ವಿಚಾರಣೆ ಮಧ್ಯಾಹ್ನ ಇಟ್ಟಿದ್ದ. ಮೂರು ಕಪ್ಪು ಚಹಾ ಆಗಲೇ ಸಿದ್ಧವಾಗಿತ್ತು. ಲೊರೇನಳ ಕಪ್ಪನ್ನು ನಾನು ಅವಳಿಗೆ ಸಿಗದ ಹಾಗೆ ನನ್ನ ಕಡೆ ಎಳೆದುಕೊಂಡೆ.

"ನನಗೆ ಅರ್ಥವೇ ಆಗ್ತಿಲ್ಲ," ಅಂತ ಜೂಲಿಯನ್ ಶುರು ಮಾಡಿದ. "ಲೊರೇನ್ ಒಪ್ಪಿದ್ರು. ಇದೇ ಕೋಣೇಲಿ ಪರವಾಗಿಲ್ಲ ಅಂದ್ರು. ಆಮೇಲೂ ನಾನು ದಿನಾ ಬೆಳಗ್ಗೆ ಎಲ್ಲ ಸರಿ ತಾನೆ ಅಂತ ಕೇಳಿದೀನಿ, ದಿನಾ ದೂರೋ ಹಾಗಿಲ್ಲ ಅಂದಿದಾರೆ."

"ಅದು ಉತ್ತರ ಅಲ್ಲ ಮಹಾರಾಯ," ಅಂದೆ ನಾನು. "ಕೆಮ್ಮು ಬಂದ್ರೆ ಕೆಮ್ಮಲ್ವಾ, ಹಾಗೆ. ನಿಮ್ಮಪ್ಪ ಹಾಸಿಗೆ ಹಿಡಿದು ಮಲಗಿದಾಗಲೂ ಡಾಕ್ಟರಿಗೆ ಅದನ್ನೇ ಹೇಳಿದ್ರು. ಬರೆದು ಕೊಟ್ಟಿದಾಳಲ್ಲ, ಒಪ್ಪಿಗೆಯಿಲ್ಲ ಅಂತ? ಅದು ಉತ್ತರ."

"ಅದೂ ಅಲ್ಲದೆ ಮಧ್ಯಾಹ್ನ ಗಿರಾಕಿಗಳೇ ಇಲ್ಲವಲ್ಲ, ಡಾಟ್. ಕೆಲಸವೇ ಇಲ್ಲದ ಹೊತ್ತಿಗೆ ಕೆಲಸ ಎಲ್ಲಿಂದ ತರಲಿ?"

ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಲೊರೇನ್ ಇಲ್ಲಿ ಮೇಲಿದ್ದಾಳೆ. ಕೆಳಗೆ ಅವಳ ಖಾಲಿ ಕುರ್ಚಿ, ಕುರ್ಚಿಯ ಮೇಲೆ ಅವಳ ಕಾರ್ಡಿಗನ್. ಅದರ ಮುಂದೆ ಓಲ್ಡ್‌ರಾಯ್ಡ್ ಟ್ರೇ ಹಿಡಿದು ನಿಂತಿದ್ದರು. ಅವರ ಹಿಂದೆ ಆರ್ಕಿಡ್ ದಾಟಿ, ಕಾರಂಜಿ ಸುತ್ತಿ, ಕುಳ್ಳಬೊಂಬೆಗಳ ತನಕ ಊರಿಗೆ ಊರೇ ಕಾರ್ಡಿಗನ್ನಿಗೆ ಸಾಲು ಹಚ್ಚಿ ನಿಂತಿತ್ತು.

ಜೂಲಿಯನ್ ಕತ್ತು ಚಾಚಿ ಕೆಳಗೆ ನೋಡಿದ. ಆಮೇಲೆ ಮತ್ತೆ ಆ ಬೆಣ್ಣೆ ನಗು ಬಂತು. ಲೊರೇನಳ ಕಡೆ ಬಾಗಿ ದನಿ ಇಳಿಸಿದ. "ಜಗಳ ಯಾಕೆ ನಮ್ಮ ನಮ್ಮಲ್ಲಿ. ಇಪ್ಪತ್ತು ಗಂಟೆ ಮಾಡೋಣ. ಕುಟುಂಬ ಅಂದ ಮೇಲೆ ನೀವೊಂಚೂರು, ನಾವೊಂಚೂರು. ನೀವು ಯಾವತ್ತೂ ಹಟ ಮಾಡಿದವರಲ್ಲ. ಹೇಳಿ ಲೊರೇನ್, ಹೇಗಿದ್ದೀರಿ? ಎಲ್ಲ ಸರಿ ತಾನೆ?"

ಪ್ರಶ್ನೆ ಅವಳಿಗೆ. ನಾನು ನಾಲಿಗೆ ಕಚ್ಚಿಕೊಂಡೆ, ನಿಜವಾಗಿ ಕಚ್ಚಿಕೊಂಡೆ. ಅವಳ ತುಟಿಗಳು ಆ ಹಳೆಯ ಮಾತಿಗೆ ಆಗಲೇ ಸಿದ್ಧವಾಗಿ ನಿಂತಿದ್ದವು. ಡಾನ್‌ಕಾಸ್ಟರಿನ ಕೋಣೆ, ಸೈಕಲ್ಲಿನ ಮೇಲಿನ ಪ್ಯಾಂಟು ನನ್ನ ಕಣ್ಣ ಮುಂದೆ ಬಂದವು.

"ಇಲ್ಲ," ಅಂದಳು ಲೊರೇನ್.

ಜೂಲಿಯನ್‌ಗೆ ಕೇಳಿಸಲಿಲ್ಲ ಅಂತ ಕಾಣುತ್ತದೆ. ಅವನು ಆಗಲೇ ತಲೆಯಾಡಿಸಿ ಏಳುತ್ತಿದ್ದ.

"ಎಲ್ಲ ಸರಿ ಇಲ್ಲ. ನೀವು ಕೇಳಿದ್ರಲ್ಲ, ಅದಕ್ಕೆ ಹೇಳ್ತಿದೀನಿ. ಸಾರಿ. ಕೀತ್‌ಗೆ ಮೊಣಕಾಲು ಮಡಚೋಕಾಗಲ್ಲ. ಬಲಗಾಲು ಸ್ವಲ್ಪ ವಾಸಿ, ಎಡಗಾಲಂತೂ ಕೇಳ್ಬೇಡಿ."

ಏಳುತ್ತಿದ್ದವನು ಹಾಗೇ ಅರ್ಧ ಬಗ್ಗಿ ನಿಂತ. ಮಾತಾಡುತ್ತಿರುವ ಹೆಂಗಸಿನ ಮುಂದಿನಿಂದ ಎದ್ದು ಹೋಗಲು ಅವನಿಗೂ ಬರುವುದಿಲ್ಲ. ಅವನೂ ಇದೇ ನೆಲದವನು, ಇದೇ ರೋಗ. ಮೆಲ್ಲಗೆ ಕೂತ.

ಲೊರೇನ್ ಶುರು ಮಾಡಿದಳು. ಜೀವಮಾನದಲ್ಲಿ ಹೇಗಿದ್ದೀಯಾ ಅಂತ ಕೇಳಿದ ಎಲ್ಲರಿಗೂ ಕೊಡದೆ ಉಳಿಸಿಕೊಂಡಿದ್ದ ಉತ್ತರವನ್ನು ಒಟ್ಟಿಗೆ ಅವನಿಗೇ ಕೊಟ್ಟಳು. ಮೊಣಕಾಲಿನಿಂದ ಮೆಟ್ಟಿಲಿಗೆ ಹೋದಳು, ಮೆಟ್ಟಿಲಿನಿಂದ ಬಾಡಿಗೆಗೆ, ಬಾಡಿಗೆಯಿಂದ ಡಾನ್‌ಕಾಸ್ಟರಿಗೆ. ಸೈಕಲ್ಲಿನ ಹಿಡಿಕೆ ಯಾವ ಕಡೆ ತಿರುಗಿದೆ ಅಂತ ಕೈಯಲ್ಲಿ ತೋರಿಸಿದಳು. ಅಳಿಯನ ಪ್ಯಾಂಟನ್ನೂ ಬಿಡಲಿಲ್ಲ. "ಆ ರೂಬಾರ್ಬ್‌ನ ಕೀತ್ ಬೇರು ಸಮೇತ ಕಿತ್ತು ತಗೊಂಡು ಹೋಗ್ತೀನಿ ಅಂತಾನೆ. ಸಿಮೆಂಟ್ ಮೇಲೆ ಎಲ್ಲಿ ನೆಡ್ತೀಯ ಅಂದ್ರೆ ಮಾತಾಡಲ್ಲ. ಅವನು ಮಾತಾಡದೇ ಇರೋದು ನನಗೆ ಅಭ್ಯಾಸ. ಇದು ಬೇರೆ ತರ ಮಾತಾಡದೇ ಇರೋದು. ಆವತ್ತು ನಾನು ಪರವಾಗಿಲ್ಲ ಅಂದೆ, ಆದ್ರೆ ಪರವಾ ಇತ್ತು. ಥ್ಯಾಂಕ್ಸ್ ಅಂದೆ, ಯಾಕಂದೆನೋ ಗೊತ್ತಿಲ್ಲ. ನಿಮ್ಮಪ್ಪ ನನ್ನ ಬೈದಷ್ಟು ಯಾರೂ ಬೈದಿಲ್ಲ, ಆದ್ರೆ ಮೂವತ್ತೆರಡು ಅಂದ್ರೆ ಮೂವತ್ತೆರಡು. ಅದಕ್ಕೆ, ಇಪ್ಪತ್ತಕ್ಕೂ ಇಲ್ಲ. ನಾನಿನ್ನೂ ಮುಗಿಸಿಲ್ಲ, ಸಾರಿ, ಕೂತ್ಕೊಳ್ಳಿ."

ಚಹಾ ಮೂರೂ ಕಪ್ಪಿನಲ್ಲಿ ತಣ್ಣಗಾಯಿತು. ಜೂಲಿಯನ್‌ನ ಮುಖ ಕೆಂಪಾಗಿ, ಬೆಳ್ಳಗಾಗಿ, ಮತ್ತೆ ಕೆಂಪಾಯಿತು. ಒಂದೆರಡು ಸಲ ಬಾಗಿಲ ಕಡೆ ನೋಡಿದ. ಕೆಳಗೆ ಸಾಲು ಒಂದು ಹೆಜ್ಜೆಯೂ ಕದಲಲಿಲ್ಲ. ಕೊನೆಗೆ ಲೊರೇನ್ ಒಂದು ಸಲ ಉಸಿರೆಳೆದುಕೊಂಡಾಗ ಸಿಕ್ಕ ಸಂದಿನಲ್ಲಿ ಅವನು ಬೇಗ ಬೇಗ ಹೇಳಿದ, "ಆಯ್ತು. ಮೂವತ್ತೆರಡು. ಆಯ್ತು." ಆಮೇಲೆ, ತನಗೇ ತಿಳಿಯದ ಹಾಗೆ, "ಸಾರಿ" ಅಂದ. ಆ ಮೇಜಿನ ಆ ಕಡೆಯಿಂದ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳ ಗಂಟೆಗಳು ಬಂದವು, ಕತ್ತರಿಸಿದ ವಾರಗಳ ಸಂಬಳವೂ ಬಂತು. ನಸ್ರೀನ್ ಎಲ್ಲವನ್ನೂ ಬರೆಸಿಕೊಂಡು ಜೂಲಿಯನ್‌ನ ಸಹಿ ಹಾಕಿಸಿದಳು, ಅವನ ಕನ್ನಡಕ ಎಲ್ಲಿದೆ ಅಂತ ವಿಚಾರಿಸಿಯೇ ಹಾಕಿಸಿದಳು. ಕೀತ್‌ಗೆ ಸುದ್ದಿ ಹೇಳಿದಾಗ ಹೂಂ ಅಂದನಂತೆ. ಆಮೇಲೆ ಒಂದು ದೊಡ್ಡ ಕಟ್ಟು ರೂಬಾರ್ಬ್ ಕೊಯ್ದು, ಆ ಕಾಲಲ್ಲೇ ಏರುಬೀದಿ ಹತ್ತಿ ಬಂದು ನನ್ನ ಬಾಗಿಲಲ್ಲಿ ಇಟ್ಟು, ಬೆಲ್ಲು ಒತ್ತಿ, ಮಾತಾಡಬೇಕಾಗಿ ಬಂದೀತು ಅಂತ ನಾನು ಬರುವಷ್ಟರಲ್ಲಿ ಹೊರಟುಬಿಟ್ಟಿದ್ದ. ಅವನ ಬೆನ್ನು ನೋಡುತ್ತ ನನಗೆ ಕಣ್ಣು ತುಂಬಿತು.

ಜೂಲಿಯನ್ ಈಗ ಬೆಳಗ್ಗೆ ಯಾರನ್ನೂ ಹೇಗಿದ್ದೀರಿ ಅಂತ ಕೇಳುವುದಿಲ್ಲ. ಲೊರೇನ್ ದೂರದಲ್ಲಿ ಕಂಡರೆ ಮೀನಿನ ತೊಟ್ಟಿಗಳ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಾನೆ.

ಯಂತ್ರವನ್ನು ಗೊಬ್ಬರದ ಕಡೆಗೆ, ನನ್ನ ಪಕ್ಕಕ್ಕೆ ತಂದು ನಿಲ್ಲಿಸಿದ್ದಾರೆ. ಅದಕ್ಕೆ ಹೊಸ ಪಾಠ ಕಲಿಸಲು ಯಾರಿಗೂ ಬಂದಿಲ್ಲ. ಎರಡು ಚೀಲ ಕುದುರೆಗೊಬ್ಬರ ಬೇಕು ಅಂತ ಬಂದವರಿಗೆ ಜೊತೆಗೆ ಕೆನೆ ಬೇಕೇ ಅಂತ ಕೇಳುತ್ತದೆ. ಲೊರೇನ್ ಮಧ್ಯಾಹ್ನದ ಬಿಡುವಿನಲ್ಲಿ ದಿನಾ ಬಂದು ಅದರ ಮುಂದೆ ನಿಲ್ಲುತ್ತಾಳೆ. ಕೆನೆ ಬೇಕೇ? ಬೇಡ. ಜಾಮು? ಬೇಡ. ದೊಡ್ಡ ಚಹಾ? ಬೇಡ. ಜೊತೆಗೊಂದು ಕೇಕು? ಬೇಡ. ಕೊನೆಗೆ ಅದು, ಏನೂ ಬೇಡವೇ, ಖಚಿತವೇ ಅಂತ ಕೇಳುತ್ತದೆ. ಅದನ್ನೂ ಒತ್ತುತ್ತಾಳೆ.

"ಏನೇ ಇದು ದಿನಾ?" ಅಂತ ಕೇಳಿದೆ.

"ರೂಢಿ ತಪ್ಪಬಾರದು ಕಣೇ," ಅಂದು, ಏಪ್ರನ್ನಿನ ಗಂಟು ಸರಿಮಾಡಿಕೊಂಡು ಕೆಲಸಕ್ಕೆ ಹೊರಟಳು. ಹೋಗುವಾಗ ಯಂತ್ರಕ್ಕೆ ಮೊಣಕೈ ತಗುಲಿತು. ಅವಳು ಸಾರಿ ಅನ್ನಲಿಲ್ಲ.